ಬಣ್ಣವೊಂದೇ ಪ್ರಮಾಣವೇ?

ನಮ್ಮ ಆಕಾಶಗಂಗೆಯಂತಹ ಬೃಹತ್ ನಕ್ಷತ್ರಸಮೂಹಗಳಿಗೆ ಗೆಲಾಕ್ಸಿಗಳೆಂದು ಹೆಸರು. ವಿಶ್ವದಲ್ಲಿ ಅವು ಕೋಟ್ಯನುಕೋಟಿ. ಅವುಗಳನ್ನು ಒಂದೊಂದಾಗಿ ನೋಡಿ ವಿಂಗಡಿಸುವುದು ದುಸ್ಸಾಧ್ಯವಾದುದರಿಂದ ಖಗೋಳಶಾಸ್ತ್ರಜ್ಞರು ಬಣ್ಣದ ನೆರವನ್ನು ಪಡೆದರು. ಈ ಉಪಾಯವು ಮೆಚ್ಚತಕ್ಕುದೇ. ಆದರೆ ಅದರ ಮಿತಿಯನ್ನೂ ವಿದ್ಯಾರ್ಥಿಗಳು ಅರಿಯಬೇಕೆಂಬುದು ನನ್ನ ಅಭಿಮತ.

ಇಲ್ಲಿ ಬಣ್ಣವೆಂದರೆ ಒಂದು ಅಳತೆ. ಗೆಲಾಕ್ಸಿಯ ಬೆಳಕನ್ನು ಬೇರೆ ಬೇರೆ ಫಿಲ್ಟರುಗಳ ಮೂಲಕ ಹಾಯಿಸಿ, ಒಂದರಲ್ಲಿ ತೋರುವ ಪ್ರಕಾಶಕ್ಕೂ ಇನ್ನೊಂದರಲ್ಲಿ ತೋರುವ ಪ್ರಕಾಶಕ್ಕೂ ಇರುವ ಅಂತರವನ್ನು ಲೆಕ್ಕಹಾಕುವರು. ಅಮೆರಿಕದ ಸ್ಲೋನ್ ಸಮೀಕ್ಷೆಯು 2.5 ಮೀಟರಿನ ದೂರದರ್ಶಕಕ್ಕೆ ಇಂತಹ ಐದು ಫಿಲ್ಟರುಗಳನ್ನು ಅಳವಡಿಸಿತು. ಅದು ಅಳೆದ 1,47,920 ಗೆಲಾಕ್ಸಿಗಳು ಬಣ್ಣದಿಂದ ಸ್ಪಷ್ಟವಾಗಿ ಎರಡು ರಾಶಿಗಳಾಗುವುವೆಂದು 2001ರಲ್ಲಿ ಪ್ರಕಟವಾಯಿತು. ನೀಲಿಯ ನಕ್ಷತ್ರಗಳು ಅತ್ಯುಷ್ಣವಾದವು, ಅಲ್ಪಾಯುಗಳು. ಆದುದರಿಂದ ನೀಲಿಯ ಗೆಲಾಕ್ಸಿಯಲ್ಲಿ ಇತ್ತೀಚೆಗೆ ನಕ್ಷತ್ರಗಳು ಹುಟ್ಟಿವೆಯೆಂದು ತಿಳಿಯಬಹುದು. ಕೆಂಪಿನದರಲ್ಲಿ ಹೆಚ್ಚಾಗಿ ವೃದ್ಧ ನಕ್ಷತ್ರಗಳೇ ಇರುವುವು. ಸಾಮಾನ್ಯವಾಗಿ ನೀಲಿಯವು ಸುರುಳಿಯಾಕಾರದವು, ಕೆಂಪಿನವು ಅಂಡಾಕಾರದವು.

ಸಾಮಾನ್ಯವಾಗಿ, ಎಂದೆ, ಯಾವಾಗಲೂ ಅಲ್ಲ. 2007ರಲ್ಲಿ ಆರಂಭವಾದ ‘ಗೆಲಾಕ್ಸಿ ಝೂ’ ಎಂಬ ಯೋಜನೆಯಲ್ಲಿ ಲಕ್ಷಕ್ಕೂ ಮಿಕ್ಕ ಜನಸಾಮಾನ್ಯರು ಚಿತ್ರಗಳನ್ನು ಕಣ್ಣಾರೆ ನೋಡಿ ಆಕಾರವನ್ನು ಗುರುತಿಸಿದರು. ಆಗ ಕೆಂಪು ಸುರುಳಿಗಳೂ ನೀಲಿ ಅಂಡಗಳೂ ಗಣನೀಯವಾಗಿ ದೊರೆತುವು. ಬಣ್ಣವನ್ನೇ ನಂಬಿದ್ದರೆ ಇವು ತಪ್ಪು ರಾಶಿಗೆ ಸೇರುತ್ತಿದ್ದುವು. ನಮ್ಮ ಪೆರುಂಗುಡಿಯಲ್ಲಿ ಪಳ್ಳಿಕರಣೈ ಜೌಗಿನತ್ತ ಇಳಿಯುವ ಸಂಜೆಯ ಸೂರ್ಯನು ಕೆಂಪಾಗಿ ತೋರುವುದು ನಡುವಣ ಗಾಳಿಯಿಂದಲೇ ಹೊರತು ಸೂರ್ಯನು ಬದಲಾದುದರಿಂದಲ್ಲ. ಹಾಗೆಯೇ ಧೂಳು ಮುಸುಕಿದ ತರುಣ ಗೆಲಾಕ್ಸಿಯೂ ಕೆಂಪಾಗಿ ಕಾಣಬಹುದು. ದೂರ ಸರಿಯುವ ಗೆಲಾಕ್ಸಿಯ ಬೆಳಕೂ ಕೆಂಪಿನತ್ತ ವಾಲುವುದು.

ಇದಕ್ಕೆ ಪರಿಹಾರವು ಬಣ್ಣವನ್ನು ತೊರೆಯುವುದಲ್ಲ, ಇತರ ಸಾಕ್ಷ್ಯಗಳನ್ನು ಕೂಡಿಸುವುದು. 1792ರಲ್ಲಿ ಇದೇ ಮದರಾಸಿನ ನುಂಗಂಬಾಕ್ಕಂನಲ್ಲಿ ನೆಲೆಗೊಂಡ ವೀಕ್ಷಣಾಲಯದ ಪರಂಪರೆಯು ಕೊಡೈಕನಾಲಿನ ಮಾರ್ಗವಾಗಿ ಬೆಂಗಳೂರಿನ ಭಾರತೀಯ ಖಗೋಳಭೌತ ಸಂಸ್ಥೆಗೆ ಸಂದಿದೆ. ಆ ಸಂಸ್ಥೆಯ ನೇತೃತ್ವದಲ್ಲಿ ಸಿದ್ಧವಾಗಿ 2015ರಲ್ಲಿ ಆಸ್ಟ್ರೋಸ್ಯಾಟ್ ಉಪಗ್ರಹದೊಡನೆ ಮೇಲೇರಿದ ಅತಿನೇರಳೆ ದೂರದರ್ಶಕವು, ಕಣ್ಣಿಗೆ ಕಾಣದ ಕಿರಣಗಳಲ್ಲಿ ಎಳೆಯ ನಕ್ಷತ್ರಗಳನ್ನು ಅರಸಿತು.

ಮನುಷ್ಯರನ್ನೂ ನಾವು ಉಡುಪು, ಉಚ್ಚಾರಣೆ, ಕಲಿತ ಮಾಧ್ಯಮ ಇವುಗಳಿಂದ ಬಲುಬೇಗ ರಾಶಿಮಾಡುತ್ತೇವೆ. ಪರನಾಡಿನಲ್ಲಿ ಕನ್ನಡ ಕಲಿಯುವ ಮಕ್ಕಳಿಗೆ ಇದು ಹೊಸತಲ್ಲ. ವಿಂಗಡಣೆಯು ವಿಚಾರಣೆಯ ಆರಂಭವೇ ಹೊರತು ತೀರ್ಪಲ್ಲ. ಆದುದರಿಂದ ವಿದ್ಯಾರ್ಥಿಮಿತ್ರರೇ, ವಿಜ್ಞಾನದ ಪುಸ್ತಕದಲ್ಲಿ ಎರಡು ಪಟ್ಟಿಗಳನ್ನು ಬರೆಯುವಾಗ, ಎರಡಕ್ಕೂ ಒಗ್ಗದವುಗಳಿಗಾಗಿ ಮೂರನೆಯದೊಂದು ಪಟ್ಟಿಗೂ ಸ್ಥಳವಿಡಿರಿ.