ಕಾಕಾನ ಸ್ಟ್ಯಾಂಡ್ ಕ್ಯಾಮೆರಾ ಮತ್ತು ನಮ್ಮ ಅವಸರದ ಉತ್ತರ

ಕಳೆದ ಸೆಮಿಸ್ಟರ್ ರಜೆಯಲ್ಲಿ ಕ್ಲಬ್‌ನ ನಾವು ಮೂವರು ಅಥಣಿ ತಾಲ್ಲೂಕಿನ ಸತ್ತಿಗೆ ಹೋಗಿದ್ವಿ. ನಮ್ಮಲ್ಲಿ ಒಬ್ಬನ ಊರು ಅದು. ಕೃಷ್ಣಾ ನದಿ ದಂಡೆ, ಎಲ್ಲಿ ನೋಡಿದರೂ ಕಬ್ಬು. ಅಲ್ಲಿ ಅವನಿಗೆ ದೂರದ ಸಂಬಂಧದಲ್ಲಿ ಒಬ್ಬ ಕಾಕಾ ಇದ್ದಾರೆ, ವಯಸ್ಸು ಎಪ್ಪತ್ತು ದಾಟಿದೆ. ಹೊಟ್ಟೆ ತುಂಬಿಸಿದ್ದು ಮದುವೆ ಫೋಟೋ, ಪಾಸ್‌ಪೋರ್ಟ್ ಸೈಜ್ ಫೋಟೋ. ಆದರೆ ಮನಸಿಟ್ಟು ತೆಗೆದದ್ದು ಹೊಳೆಯನ್ನ. ಬೇಸಿಗೆಯ ಹೊಳೆ, ಮಳೆಗಾಲದ ಹೊಳೆ, ದಂಡೆಯ ಹೊಲ, ಘಾಟು. ಅದಕ್ಕೆ ಯಾರೂ ದುಡ್ಡು ಕೊಡಲಿಲ್ಲ, ಅವರೂ ಕೇಳಲಿಲ್ಲ.

ಕ್ಯಾಮೆರಾ ನೋಡಿ ನಮಗೆ ನಗು ಬಂತು. ತೇಗದ ಪೆಟ್ಟಿಗೆ, ಮಡಚುವ ಚರ್ಮದ ತಿದಿ, ಮೇಲೆ ಕರಿ ಬಟ್ಟೆ. ಕೇರಳದ ಆಲಪ್ಪುಳದಲ್ಲಿ ತಯಾರಾಗುತ್ತಿದ್ದ ವಾಗೀಶ್ವರಿ ಕ್ಯಾಮೆರಾ ಅದು. ಒಂದು ಕಾಲಕ್ಕೆ ದೇಶದ ಎಷ್ಟೋ ಸ್ಟುಡಿಯೋಗಳಲ್ಲಿ ಇದೇ ಇತ್ತಂತೆ. ಕಾಕಾ ಚಹಾ ಕೊಟ್ಟು ಕೇಳಿದರು: "ಮೊಣಕಾಲು ಸೋತಾವ್ರೀ. ಇದನ್ನ ಹೊತ್ಕೊಂಡು ಹೊಳಿಗೆ ಹೋಗೂದು ಆಗೂದಿಲ್ಲ. ಡಿಜಿಟಲ್ ತಗೊಳ್ಳೇನು? ನೀವು ಇಂಜಿನಿಯರ್ ಆಗಾವ್ರು, ಹೇಳ್ರಿ."

ನಾವು ಮೂವರೂ ಒಂದೇ ಉಸಿರಿಗೆ ಅಂದ್ವಿ: "ಡಿಜಿಟಲ್ ತಗೊಳ್ರಿ ಕಾಕಾ, ಅದ್ರಾಗ ವಿಚಾರ ಮಾಡೂದೇನೈತಿ?"

ಈ ಲೇಖನ ಆ ಉತ್ತರದ ಬಗ್ಗೆ. ಉತ್ತರ ತಪ್ಪು ಅಂತಲ್ಲ. ಪ್ರಶ್ನೆ ಏನಂತ ಪೂರ್ತಿ ಕೇಳಿಸಿಕೊಳ್ಳದೇ ಉತ್ತರ ಕೊಟ್ವಿ.

ಮೊದಲು ಡಿಜಿಟಲ್ ಪರವಾಗಿ ಮಾತಾಡೋಣ, ಯಾಕಂದ್ರೆ ಈ ವಿಷಯದಲ್ಲಿ ಬಹಳ ಜನ ಸುಮ್ಮನೆ ಭಾವುಕರಾಗ್ತಾರೆ. ಸ್ಟ್ಯಾಂಡ್ ಕ್ಯಾಮೆರಾದ ಹಿಂದಿನ ಗಾಜಿನ ಮೇಲೆ ಚಿತ್ರ ತಲೆಕೆಳಗಾಗಿ, ಮಂಕಾಗಿ ಬೀಳುತ್ತೆ. ಕಣ್ಣಿನ ಪೊರೆ ಆಪರೇಷನ್ ಆದವರು ಅದರಲ್ಲಿ ಫೋಕಸ್ ಹಿಡಿಯೋದು ಹಿಂಸೆ. ಡಿಜಿಟಲ್‌ನಲ್ಲಿ ಪರದೆ ಮೇಲೆ ಹತ್ತು ಪಟ್ಟು ದೊಡ್ಡದು ಮಾಡಿ ನೋಡಬಹುದು. ಫಿಲ್ಮಿನ ಪಾಡು ಇನ್ನೂ ಕಷ್ಟ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ 'ಇಂದು' ಅನ್ನೋ ಹೆಸರಲ್ಲಿ ನಮ್ಮ ದೇಶದಲ್ಲೇ ಫಿಲ್ಮ್ ಮಾಡುತ್ತಿತ್ತು, ಅದು ಮುಚ್ಚಿತು. ಕಾಕಾ ಅದಕ್ಕೂ ಒಂದು ದಾರಿ ಹುಡುಕಿದ್ದರು. ಮಿರಜದಿಂದ ಎಕ್ಸ್‌ರೇ ಫಿಲ್ಮ್ ತರಿಸಿ, ಕೆಂಪು ಬಲ್ಬಿನ ಬೆಳಕಲ್ಲಿ ಅಳತೆಗೆ ಕತ್ತರಿಸಿ ಬಳಸೋದು. ಈಗ ಎಕ್ಸ್‌ರೇ ಕೂಡ ಡಿಜಿಟಲ್ ಆಗಿದೆ.

"ಫಿಲ್ಮಿನಲ್ಲಿ ತಾಳ್ಮೆ ಇದೆ, ಧ್ಯಾನ ಇದೆ" ಅಂತ ಇಂಟರ್ನೆಟ್‌ನಲ್ಲಿ ಬರೀತಾರಲ್ಲ, ಅದನ್ನ ಕಾಕಾಗೆ ಓದಿ ಹೇಳಿದ್ವಿ. ನಕ್ಕುಬಿಟ್ಟರು. "ಧ್ಯಾನ ಅಲ್ರೋ ತಮ್ಮಾ, ಶೀಟ್ ತುಟ್ಟಿ ಇತ್ತು. ಅದಕ್ಕ ಸಾವಕಾಶ ತಗೀತಿದ್ವಿ."

ಅಮೆರಿಕದ ಆನ್ಸೆಲ್ ಆಡಮ್ಸ್ ಹೆಸರು ಕೇಳಿರ್ತೀರಿ. ಬೆಟ್ಟ, ಕಣಿವೆಗಳನ್ನ 8×10 ಇಂಚಿನ ಫಿಲ್ಮಿನಲ್ಲಿ ಹಿಡಿದವರು. 1941ರ ನವೆಂಬರಿನ ಒಂದು ಸಂಜೆ ಹೆರ್ನಾಂಡಿಸ್ ಅನ್ನೋ ಹಳ್ಳಿಯ ಮೇಲೆ ಚಂದ್ರ ಏರುತ್ತಿದ್ದ, ಲೈಟ್ ಮೀಟರ್ ಕೈಗೆ ಸಿಗಲಿಲ್ಲ. ಚಂದ್ರನ ಪ್ರಕಾಶ ಎಷ್ಟು ಅಂತ ನೆನಪಿದ್ದ ಸಂಖ್ಯೆಯಿಂದ ಮನಸ್ಸಲ್ಲೇ ಲೆಕ್ಕ ಹಾಕಿ ಒಂದು ಶೀಟ್ ತೆಗೆದರು. ಎರಡನೇದಕ್ಕೆ ಹೋಲ್ಡರ್ ತಿರುಗಿಸೋದ್ರೊಳಗೆ ಬೆಳಕು ಹೋಗಿತ್ತು. ಅಂಥವರೂ ವಯಸ್ಸಾಗುತ್ತಾ ಹ್ಯಾಸೆಲ್‌ಬ್ಲಾಡ್ ಅನ್ನೋ ಚಿಕ್ಕ ಕ್ಯಾಮೆರಾ ಹಿಡಿದರು. 1960ರ ಅವರ ಪ್ರಸಿದ್ಧ ಹಾಫ್ ಡೋಮ್ ಮತ್ತು ಚಂದ್ರನ ಚಿತ್ರ ಅದರಲ್ಲೇ ತೆಗೆದದ್ದು. ಎಂಬತ್ತರ ಹತ್ತಿರ ಬಂದಾಗಲೂ, ಮುಂದೆ ಬರೋದು ಎಲೆಕ್ಟ್ರಾನಿಕ್ ಚಿತ್ರ, ಅದಕ್ಕಾಗಿ ಕಾಯ್ತಿದ್ದೀನಿ ಅಂತ ಬರೆದರು. ಅವರಿಗಿಲ್ಲದ ಮಡಿ ನಮಗ್ಯಾಕೆ?

ಅಂದ್ರೆ ತೆಗೆಯೋ ಪ್ರಶ್ನೆಗೆ ಡಿಜಿಟಲ್ಲೇ ಉತ್ತರ. ನಿಜ, ಅವರ ಫುಲ್ ಪ್ಲೇಟ್ ಶೀಟ್ ನಮ್ಮ ಫುಲ್ ಫ್ರೇಮ್ ಸೆನ್ಸರ್‌ಗಿಂತ ಸುಮಾರು 41 ಪಟ್ಟು ದೊಡ್ಡದು (ಲೆಕ್ಕ ಮಾಡಿ ನೋಡಿ, 6.5×8.5 ಇಂಚು), ಲೆನ್ಸ್ ಸ್ವಲ್ಪ ಬಾಗಿಸಿದರೆ ಕಾಲ ಬುಡದ ಕಬ್ಬಿನಿಂದ ಆಚೆ ದಂಡೆಯವರೆಗೆ ಒಂದೇ ಸಲಕ್ಕೆ ಫೋಕಸ್ ಆಗುತ್ತೆ. ಆದರೂ ಮೊಣಕಾಲಿನ ಮುಂದೆ ಇದ್ಯಾವುದೂ ನಿಲ್ಲಲ್ಲ.

ನಾವು ಯೋಚಿಸದೇ ಬಿಟ್ಟದ್ದು ಈಗಾಗಲೇ ತೆಗೆದಿರೋ ಚಿತ್ರಗಳ ಬಗ್ಗೆ. ಕಾಕಾ ಹೊಸ ಕ್ಯಾಮೆರಾ ತಗೊಂಡ ದಿನವೇ ಮನೆಯವರ ಲೆಕ್ಕದಲ್ಲಿ ಹಳೇ ನೆಗೆಟಿವ್‌ಗಳು ರದ್ದಿ ಆಗ್ತವೆ. (ನೆಗೆಟಿವ್‌ಗೆ ಶುದ್ಧ ಕನ್ನಡದಲ್ಲಿ ಏನಂತಾರೆ ಅಂತ ಇಂಗ್ಲಿಷ್ ಮೀಡಿಯಂನ ನಾವು ತಲೆ ಕೆಡಿಸಿಕೊಂಡಿದ್ವಿ. "ನೆಗೆಟಿವ್ ಅಂತಾರ" ಅಂದ್ರು ಕಾಕಾ.) ರದ್ದಿ ಅಂದದ್ದು ಅಲಂಕಾರಕ್ಕಲ್ಲ. ಹಳೇ ಎಕ್ಸ್‌ರೇ, ನೆಗೆಟಿವ್‌ಗಳನ್ನ ಕಿಲೋ ಲೆಕ್ಕದಲ್ಲಿ ಕೊಳ್ಳೋರು ಇದ್ದಾರೆ, ಅದರಲ್ಲಿ ಬೆಳ್ಳಿ ಇರುತ್ತೆ, ಕರಗಿಸಿ ತೆಗೀತಾರೆ. ಒಬ್ಬ ಬಂದು ಕೇಳಿಹೋಗಿದ್ದಾನೆ. ಕ್ಯಾಮೆರಾವನ್ನ ಹೋಟೆಲ್ ಅಲಂಕಾರಕ್ಕೆ ಕೊಳ್ತೀವಿ ಅಂತಲೂ ಫೋನ್ ಬಂದಿದೆ.

ಹೋದರೆ ಏನು ಹೋಗುತ್ತೆ? ನಿಮ್ಮ ಜೇಬಿನ 50 ರೂಪಾಯಿ ನೋಟು ತೆಗೆದು ಹಿಂಬದಿ ನೋಡಿ. ಹಂಪಿಯ ಕಲ್ಲಿನ ರಥ. ಅದರ ಮೇಲೆ ಒಂದು ಕಾಲಕ್ಕೆ ಇಟ್ಟಿಗೆಯ ಗೋಪುರ ಇತ್ತು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಅನ್ನೋ ಮದ್ರಾಸ್ ಸೇನೆಯ ಅಧಿಕಾರಿ ಮೇಣ ಸವರಿದ ದೊಡ್ಡ ಕಾಗದದ ನೆಗೆಟಿವ್‌ನಲ್ಲಿ ತೆಗೆದ ಚಿತ್ರದಲ್ಲಿ ಅದು ಕಾಣುತ್ತೆ. ಇವತ್ತು ರಥ ಇದೆ, ಗೋಪುರ ಇಲ್ಲ. 1983ರಲ್ಲಿ ಆಸ್ಟ್ರೇಲಿಯಾದ ಫೋಟೋಗ್ರಾಫರ್ ಜಾನ್ ಗೋಲಿಂಗ್ಸ್ ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ ಅದೇ ದೃಶ್ಯಗಳನ್ನ ಮತ್ತೆ ತೆಗೆದರು. ನಡುವೆ ಸುಮಾರು 127 ವರ್ಷ. ಆ ಕಾಗದ ಉಳಿದಿತ್ತು, ಅದಕ್ಕೆ ಈ ಹೋಲಿಕೆ ಸಾಧ್ಯವಾಯಿತು.

ಗೋಲಿಂಗ್ಸ್‌ಗೆ ಹಂಪಿಯ ಬಂಡೆಗಳ ಗುರುತು ಇತ್ತು. ಹೊಳೆ ದಂಡೆಗೆ ಬಂಡೆ ಎಲ್ಲಿಂದ ತರೋಣ? ಒಂದು ಮಹಾಪೂರಕ್ಕೆ ದಂಡೆ ಕೊರೆದುಹೋಗುತ್ತೆ, ಹೊಲದ ಬದು ಅಳಿಸುತ್ತೆ.

2019ರ ಆಗಸ್ಟ್ ಮಹಾಪೂರದಲ್ಲಿ ಕಾಕಾ ಮನೆಗೂ ನೀರು ಬಂತು. ಮೊಮ್ಮಗನ ಕಂಪ್ಯೂಟರ್‌ನಲ್ಲಿ ಮದುವೆ ಆರ್ಡರ್‌ಗಳ ಎಷ್ಟೋ ವರ್ಷದ ಫೈಲುಗಳಿದ್ದವು. ಹಾರ್ಡ್ ಡಿಸ್ಕ್ ಮತ್ತೆ ಏಳಲಿಲ್ಲ. ನೆಗೆಟಿವ್ ಪೆಟ್ಟಿಗೆಯೂ ಮುಳುಗಿತ್ತು. ಕಾಕಾ ಅವನ್ನ ಒಣಗಲು ಬಿಡದೇ ಬಕೆಟ್‌ನ ಸ್ವಚ್ಛ ನೀರಲ್ಲಿ ಹಾಕಿ, ಒಂದೊಂದಾಗಿ ತೊಳೆದು, ದಾರಕ್ಕೆ ಚಿಮಟಿ ಹಾಕಿ ನೇತುಬಿಟ್ಟರು. ಕೆಲವು ಒಂದಕ್ಕೊಂದು ಅಂಟಿ ಹಾಳಾದವು. ಬಹಳಷ್ಟು ಉಳಿದವು, ಈಗಲೂ ಕಿಟಕಿಗೆ ಹಿಡಿದರೆ ಕಾಣುತ್ತೆ. ಹಾಗಂತ ಫಿಲ್ಮೇ ಶಾಶ್ವತ ಅಂತ ಹೇಳಲ್ಲ. ಬೂಸ್ಟು ಹಿಡಿಯುತ್ತೆ, ಮತ್ತೆ ಇರೋದು ಒಂದೇ ಪ್ರತಿ. ಫೈಲನ್ನ ಮೂರು ಊರಲ್ಲಿ ಇಡಬಹುದು. ಆದರೆ ಇಡೋರು ಯಾರು? ನಮ್ಮ ಫೋನಲ್ಲಿ ಎಂಟು ಸಾವಿರ ಫೋಟೋ ಇವೆ, ಬ್ಯಾಕಪ್ ಫುಲ್ ಅಂತ ಆರು ತಿಂಗಳಿಂದ ತೋರಿಸ್ತಿದೆ.

ಹಾಗಾಗಿ ನಮ್ಮ ಅಭಿಪ್ರಾಯ ಇದು. ಕಾಕಾ ಡಿಜಿಟಲ್ ತಗೊಳ್ಲಿ, ಹಗುರಾದದ್ದೇ ತಗೊಳ್ಲಿ. ಆದರೆ "ಡಿಜಿಟಲ್ ತಗೊಳ್ರಿ" ಅಂತ ಸಲಹೆ ಕೊಡೋ ನಮ್ಮಂಥವರು ಹಳೇ ಪೆಟ್ಟಿಗೆಯ ಕೆಲಸವನ್ನೂ ತಲೆಗೆ ಹಾಕಿಕೊಳ್ಳಬೇಕು. ಸ್ಕ್ಯಾನ್ ಮಾಡಬೇಕು, ಎಲ್ಲಿ ತೆಗೆದದ್ದು, ಯಾವ ವರ್ಷ ಅಂತ ಕೇಳಿ ಬರೆದುಕೊಳ್ಳಬೇಕು, ಮೂಲವನ್ನ ಬೆಳ್ಳಿಯವನಿಗೆ ಕೊಡದಂತೆ ಮನೆಯವರ ಹತ್ತಿರ ಮಾತಾಡಬೇಕು. ಇದಕ್ಕೆ ದೊಡ್ಡ ಯಂತ್ರ ಬೇಡ. ಲ್ಯಾಪ್‌ಟಾಪ್ ಪರದೆ ಪೂರ್ತಿ ಬಿಳಿ ಮಾಡಿ, ಚುಕ್ಕೆ ಕಾಣದ ಹಾಗೆ ಶೀಟನ್ನ ಸ್ವಲ್ಪ ಎತ್ತರಕ್ಕೆ ಹಿಡಿದು, ಮೇಲಿಂದ ಫೋಟೋ ತೆಗೆದು, ಬಣ್ಣ ಉಲ್ಟಾ ಮಾಡಿದರೆ ಒಂದು ಮಟ್ಟಕ್ಕೆ ಬರುತ್ತೆ.

ಎರಡು ದಿನ ಅದನ್ನೇ ಮಾಡಿದ್ವಿ, ಅರವತ್ತಮೂರು ಶೀಟ್ ಆದವು. ಒಂದು ತೊಡಕು ಬಂತು. ಸಾಮಾನ್ಯ ಫಿಲ್ಮಿಗೆ ಒಂದು ಮೈ ಮಂಕು, ಒಂದು ಮೈ ಹೊಳಪು. ಯಾವುದು ಮುಂದೆ ಅಂತ ಅದರಿಂದ ಗೊತ್ತಾಗುತ್ತೆ. ಎಕ್ಸ್‌ರೇ ಶೀಟಿಗೆ ಎರಡೂ ಕಡೆ ಮದ್ದು ಸವರಿರ್ತಾರೆ, ಎರಡೂ ಮೈ ಒಂದೇ ಥರ. ಎಡ ಯಾವುದು, ಬಲ ಯಾವುದು ಅಂತ ಶೀಟ್ ನೋಡಿ ಹೇಳೋಕೆ ಆಗಲ್ಲ. ನಾವು ಒಂದನ್ನ ಸರಿ ಅಂತ ಸೇವ್ ಮಾಡಿ ಕಾಕಾಗೆ ತೋರಿಸಿದ್ವಿ. ಕನ್ನಡಕ ಏರಿಸಿ ನೋಡಿದರು. ಆಮೇಲೆ ಆ ಊರಲ್ಲೇ ಹುಟ್ಟಿದ ನಮ್ಮ ಗೆಳೆಯನ ಕಡೆ ತಿರುಗಿದರು.

"ಉಲ್ಟಾ ಇಟ್ಟೀಯಲ್ಲೋ. ನಮ್ಮ ದಂಡಿ ಮ್ಯಾಗ ನಿಂತ್ರ ಹೊಳಿ ಬಲಗಡೆಯಿಂದ ಬರ್ತೈತಿ."