ಗುರು-ಲಘುಗಳ ಗಣಿತ ಮತ್ತು ಕನ್ನಡ ಸಂಶೋಧನೆ

ಗಣಿತಶಾಸ್ತ್ರದಲ್ಲಿ ‘ಪದ’ವೆಂದರೆ ಅರ್ಥವುಳ್ಳ ನುಡಿಯಲ್ಲ, ಕೆಲವೇ ಸಂಕೇತಗಳನ್ನು ಸಾಲಾಗಿ ಜೋಡಿಸಿದ ಸರಣಿ. ಮೂರೇ ಸಂಕೇತಗಳಿಂದ, ಯಾವ ಖಂಡವೂ ಒಡನೆಯೇ ಮರುಕಳಿಸದಂತಹ ಅನಂತ ಸರಣಿಯನ್ನು ಕಟ್ಟಬಹುದೆಂದು ನಾರ್ವೆಯ ಆಕ್ಸೆಲ್ ಥೂ 1906ರಲ್ಲಿ ತೋರಿಸಿದನು. ರಷ್ಯಾದ ಆಂದ್ರೇ ಮಾರ್ಕೋವ್ 1913ರಲ್ಲಿ ಪುಶ್ಕಿನ್ನನ ಕಾವ್ಯವೊಂದರ 20,000 ಅಕ್ಷರಗಳನ್ನು ತೆಗೆದುಕೊಂಡು, ಸ್ವರ-ವ್ಯಂಜನಗಳು ಒಂದನ್ನೊಂದು ಅನುಸರಿಸುವ ಬಗೆಯನ್ನು ಎಣಿಸಿದನು. ಗಣಕವು ಭಾಷೆಯನ್ನು ನಿರ್ವಹಿಸುವ ಇಂದಿನ ವಿಧಾನಗಳ ಹಿಂದೆ ಇಂತಹ ಅಧ್ಯಯನಗಳಿವೆ. ಇದು ಅನ್ಯಶಾಸ್ತ್ರದ ವಿಷಯವೆಂಬ ಭಾವನೆ ಕನ್ನಡ ವಿಭಾಗಗಳಲ್ಲಿ ಸಾಮಾನ್ಯವಾಗಿದೆ. ಆದರೆ ಎರಡೇ ಸಂಕೇತಗಳ ಸರಣಿಗಳನ್ನು ಕುರಿತ ಶಾಸ್ತ್ರವೊಂದು ಆ ವಿಭಾಗಗಳ ಪಠ್ಯಕ್ರಮದಲ್ಲಿಯೇ ಇದೆ. ಅದು ಛಂದಸ್ಸು.

ಪಿಂಗಲನ ಪರಂಪರೆಯ ಪ್ರಸ್ತಾರವು ಗುರು-ಲಘುಗಳ ಎಲ್ಲ ವಿನ್ಯಾಸಗಳನ್ನು ಕ್ರಮವಾಗಿ ಬರೆಯುವ ವಿಧಾನ. ಕ್ರಮಸಂಖ್ಯೆಯಿಂದ ವಿನ್ಯಾಸವನ್ನು ಪಡೆಯುವುದು ನಷ್ಟ. ವಿನ್ಯಾಸದಿಂದ ಕ್ರಮಸಂಖ್ಯೆಯನ್ನು ಪಡೆಯುವುದು ಉದ್ದಿಷ್ಟ. ಇಪ್ಪತ್ತು ಅಕ್ಷರಗಳ ಪಾದಕ್ಕೆ ಸಾಧ್ಯವಿರುವ ವಿನ್ಯಾಸಗಳು 10,48,576. ಇವುಗಳಲ್ಲಿ ಕನ್ನಡದ ಚಂಪೂಕವಿಗಳು ಮತ್ತೆ ಮತ್ತೆ ಆಯ್ದುಕೊಂಡವು ಉತ್ಪಲಮಾಲೆ ಮತ್ತು ಮತ್ತೇಭವಿಕ್ರೀಡಿತ. ಸಾಧ್ಯತೆಗಳ ವಿಸ್ತಾರವನ್ನು ಗಣಿತ ಹೇಳುತ್ತದೆ. ಆಯ್ಕೆಯ ಕಾರಣವನ್ನು ಹೇಳಬೇಕಾದುದು ಸಾಹಿತ್ಯ ಸಂಶೋಧನೆ.

ಈ ದೃಷ್ಟಿಯಿಂದ ಖ್ಯಾತ ಕರ್ನಾಟಕ ವೃತ್ತಗಳು ಗಮನಾರ್ಹವಾಗಿವೆ. ಉತ್ಪಲಮಾಲೆಯ ಮೊದಲ ಗುರುವಿನ ಸ್ಥಾನದಲ್ಲಿ ಎರಡು ಲಘುಗಳನ್ನಿಟ್ಟರೆ ಚಂಪಕಮಾಲೆ ದೊರೆಯುತ್ತದೆ. ಶಾರ್ದೂಲವಿಕ್ರೀಡಿತದಿಂದ ಮತ್ತೇಭವಿಕ್ರೀಡಿತ, ಸ್ರಗ್ಧರೆಯಿಂದ ಮಹಾಸ್ರಗ್ಧರೆ ದೊರೆಯುವುದೂ ಹೀಗೆಯೇ. ಆರು ವೃತ್ತಗಳು, ಮೂರು ಜೋಡಿಗಳು, ಒಂದೇ ನಿಯಮ. ಹತ್ತನೆಯ ಶತಮಾನದ ನಾಗವರ್ಮನ ‘ಛಂದೋಂಬುಧಿ’ ನಿರೂಪಿಸುವ ಅಂಶಗಣಗಳಲ್ಲಿಯೂ ಗಣಾದಿಯ ಅಂಶವು ಒಂದು ಗುರು ಅಥವಾ ಎರಡು ಲಘು. ಉಳಿದ ಅಂಶಗಳು ಗುರು ಅಥವಾ ಲಘು. ಅದರಿಂದಲೇ ಬ್ರಹ್ಮಗಣ 4, ವಿಷ್ಣುಗಣ 8, ರುದ್ರಗಣ 16 ರೂಪಗಳನ್ನು ಪಡೆಯುತ್ತವೆ. ಗುರುವೊಂದು ಎರಡು ಲಘುಗಳಿಗೆ ಸಮವೆಂಬುದು ಮಾತ್ರಾಛಂದಸ್ಸಿನ ಸಾಮಾನ್ಯ ತತ್ತ್ವ. ಆದರೆ ಎರಡೂ ಕಡೆ ಈ ಬದಲಾವಣೆ ಆದಿಸ್ಥಾನಕ್ಕೇ ಸೀಮಿತವಾಗಿರುವುದು ಆಕಸ್ಮಿಕವೇ, ಮಾರ್ಗದ ಆಯ್ಕೆಯಲ್ಲಿ ದೇಸಿ ಲಯದ ಒತ್ತಡವೇ? ಪಟ್ಟಿಯನ್ನು ಕಂಠಪಾಠ ಮಾಡಿಸುವ ಬೋಧನೆಯಲ್ಲಿ ಈ ಪ್ರಶ್ನೆ ಹುಟ್ಟುವುದೇ ಇಲ್ಲ.

ಗಣಕದ ನೆರವಿನಿಂದ ಇಂತಹ ಪ್ರಶ್ನೆಗಳನ್ನು ಸಾವಿರಾರು ಪದ್ಯಗಳಲ್ಲಿ ಪರೀಕ್ಷಿಸಬಹುದು. ಆದರೆ ಗಣಕಕ್ಕೆ ಅಕ್ಷರವೆಂದರೇನೆಂದು ಮೊದಲು ತಿಳಿಸಬೇಕು. ‘ಸ್ತ್ರೀ’ ಎಂಬುದು ಛಂದಸ್ಸಿಗೆ ಒಂದೇ ಅಕ್ಷರ. ಯೂನಿಕೋಡ್ ಬರಹದಲ್ಲಿ ಅದು ಸಾಮಾನ್ಯವಾಗಿ ಆರು ಸಂಕೇತಗಳ ಸರಣಿ. ಒತ್ತಕ್ಷರದ ಹಿಂದಿನ ಅಕ್ಷರವನ್ನೆಲ್ಲ ಗುರುವೆಂದು ಎಣಿಸುವ ತಂತ್ರಾಂಶವು ಹಳಗನ್ನಡದ ಶಿಥಿಲದ್ವಿತ್ವವನ್ನು ಅರಿಯದೆ, ನಿರ್ದುಷ್ಟವಾದ ಪದ್ಯವನ್ನೇ ಛಂದೋಭಂಗವೆಂದು ಗುರುತಿಸುತ್ತದೆ. ಆ ತೀರ್ಪನ್ನು ನಂಬಿದ ಸಂಪಾದಕ ಪಾಠವನ್ನೇ ತಿದ್ದಿದರೆ ಹಾನಿಯಾಗುವುದು ಕಾವ್ಯಕ್ಕೆ. ಈ ದೋಷ ಗಣಿತದ್ದಲ್ಲ, ಯಂತ್ರದ್ದೂ ಅಲ್ಲ; ನಿಯಮವನ್ನು ಬಲ್ಲವರು ಅದನ್ನು ಹೇಳದಿದ್ದುದರ ಫಲ.

ಆದುದರಿಂದ ಕನ್ನಡ ವಿಭಾಗಗಳು ಎರಡು ಕಾರ್ಯಗಳನ್ನು ಕೈಗೊಳ್ಳುವುದು ಉಚಿತ. ಸ್ನಾತಕೋತ್ತರ ತರಗತಿಗಳಲ್ಲಿ ಪ್ರಸ್ತಾರಾದಿ ಪ್ರತ್ಯಯಗಳನ್ನು ಲಕ್ಷಣಪದ್ಯಗಳ ಜೊತೆಗೆ ಕ್ರಮಬದ್ಧ ನಿಯಮಗಳಾಗಿ ಬೋಧಿಸುವುದು ಒಂದು. ಶಾಸ್ತ್ರೀಯವಾಗಿ ಸಂಪಾದಿತವಾದ ಹಳಗನ್ನಡ ಕಾವ್ಯಗಳಿಗೆ ವಿದ್ವಾಂಸರು ಪರಿಶೀಲಿಸಿದ ಗುರು-ಲಘು ವಿನ್ಯಾಸವನ್ನು, ಶಿಥಿಲದ್ವಿತ್ವ ಹಾಗೂ ಪಾಠಾಂತರಗಳ ಸೂಚನೆಯೊಡನೆ ಅಳವಡಿಸಿ, ಎಲ್ಲರಿಗೂ ಮುಕ್ತವಾಗಿ ಒದಗಿಸುವುದು ಮತ್ತೊಂದು. ಎಣಿಸುವ ಕೆಲಸವನ್ನು ಗಣಕಕ್ಕೆ ಬಿಡಬಹುದು. ಯಾವುದನ್ನು ಒಂದೆಂದು ಎಣಿಸಬೇಕೆಂಬ ನಿರ್ಣಯವನ್ನು ಮಾತ್ರ ಕನ್ನಡ ವಿದ್ವತ್ತು ಅನ್ಯರಿಗೆ ಬಿಟ್ಟುಕೊಡಲಾಗದು.