ಇಮಾನ್ ದನ ಕಾಯುತ್ತಿರಲಿಲ್ಲ

ನಿರಾಶ್ರಿತರ ಬಗ್ಗೆ ಬರೆಯುವವರಿಗೆ ಒಂದು ಕಥೆ ಬಹಳ ಪ್ರಿಯ. ಮೊದಲು ಬಡತನ, ಕಾಡು, ಯುದ್ಧ. ಆಮೇಲೆ ಎಲ್ಲಿಂದಲೋ ಬಂದ ಒಬ್ಬ ಪುಣ್ಯಾತ್ಮ. ಅವನ ಕಣ್ಣಿಗೆ ಬಿದ್ದ ಹುಡುಗಿಗೆ ರಾತ್ರಿ ಬೆಳಗಾಗುವುದರೊಳಗೆ ಭಾಗ್ಯೋದಯ. ಸೊಮಾಲಿಯಾದ ರೂಪದರ್ಶಿ ಇಮಾನ್ ಅವರ ಬಗೆಗೂ ಲೋಕ ಇದೇ ಕಥೆಯನ್ನು ಕೇಳಿತು, ನಂಬಿತು, ಚಪ್ಪರಿಸಿತು. ಆ ಕಥೆ ಸುಳ್ಳು. ಸುಳ್ಳೆಂದು ಬಯಲಾದ ಮೇಲೂ ಅದರ ಅಚ್ಚು ಮುರಿದಿಲ್ಲ. ನಮ್ಮ ತಕರಾರು ಆ ಅಚ್ಚಿನ ಮೇಲೆ.

ನಿಜವಾಗಿ ನಡೆದದ್ದೇನು? ಇಮಾನ್ 1955ರಲ್ಲಿ ಮೊಗದಿಶುವಿನಲ್ಲಿ ಹುಟ್ಟಿದವರು. ತಂದೆ ರಾಜತಂತ್ರಜ್ಞರು, ಸೌದಿ ಅರೇಬಿಯಾದಲ್ಲಿ ತಮ್ಮ ದೇಶದ ರಾಯಭಾರಿಯಾಗಿದ್ದವರು. ಮಗಳು ಈಜಿಪ್ಟಿನ ವಸತಿಶಾಲೆಯಲ್ಲಿ ಓದಿದಳು. 1969ರ ಅಕ್ಟೋಬರಿನಲ್ಲಿ ಸಿಯಾದ್ ಬಾರೆಯ ಸೈನಿಕ ಕ್ರಾಂತಿಯಾಯಿತು. ಆ ಆಳ್ವಿಕೆಯಲ್ಲಿ ಕುಟುಂಬಕ್ಕೆ ನಿಲ್ಲಲು ನೆಲವಿಲ್ಲದಂತಾಗಿ, ಮನೆಮಾರು ಬಿಟ್ಟು ಕೀನ್ಯಾಕ್ಕೆ ಓಡಿಬಂದರು. ಇಮಾನ್ ನೈರೋಬಿ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರದ ವಿದ್ಯಾರ್ಥಿನಿಯಾದರು.

1975ರಲ್ಲಿ ಪೀಟರ್ ಬಿಯರ್ಡ್ ಎಂಬ ಅಮೆರಿಕನ್ ಛಾಯಾಗ್ರಾಹಕ ಅವರನ್ನು ನೈರೋಬಿಯ ಬೀದಿಯಲ್ಲಿ ಕಂಡು, ಫೋಟೋ ತೆಗೆಯಬಹುದೇ ಎಂದು ಕೇಳಿದರು. ವಿದ್ಯಾರ್ಥಿನಿ ನಾಚಿ ತಲೆ ತಗ್ಗಿಸಲಿಲ್ಲ. ಕೊಡುವುದೇನೆಂದು ಕೇಳಿ, ತಮ್ಮ ಕಾಲೇಜು ಫೀಜಿನ ಹಣವನ್ನು ಬೇಡಿಕೆಯಾಗಿಟ್ಟರು. ವ್ಯವಹಾರ ಕುದುರಿತು. ಆದರೆ ನ್ಯೂಯಾರ್ಕಿನ ಪತ್ರಿಕೆಗಳಿಗೆ ಬಿಯರ್ಡ್ ಹೇಳಿದ್ದೇ ಬೇರೆ: ಆಫ್ರಿಕದ ಕಾಡಿನಲ್ಲಿ ದನ ಕಾಯುತ್ತಿದ್ದ, ಇಂಗ್ಲಿಷಿನ ಗಂಧವಿಲ್ಲದ ಹುಡುಗಿಯನ್ನು ತಾನು ಕಂಡುಹಿಡಿದೆ ಎಂದು! ಆ ‘ಕಾಡಿನ ಹುಡುಗಿ’ಗೆ ಬರುತ್ತಿದ್ದದ್ದು ಐದು ಭಾಷೆ.

ಈ ಸುಳ್ಳು ಯಾರಿಗೆ ಬೇಕಾಗಿತ್ತು? ರಾಯಭಾರಿಯ ಮಗಳು, ರಾಜ್ಯಶಾಸ್ತ್ರ ಓದುವವಳು, ಕೂಲಿ ಗೊತ್ತುಮಾಡಿಕೊಂಡೇ ಕೆಲಸಕ್ಕೆ ಬಂದವಳು ಎಂದರೆ ‘ಕಂಡುಹಿಡಿದ’ ಕೀರ್ತಿ ಯಾರಿಗೂ ದಕ್ಕುವುದಿಲ್ಲ. ಕಂಡುಹಿಡಿಯಬೇಕಾದರೆ ಮೊದಲು ಆಕೆ ಏನೂ ಅಲ್ಲದವಳಾಗಬೇಕು. ಅವಳಿಗೆ ಓದು ಕಲಿಸಿದ ತಂದೆತಾಯಿ, ಬೆಳೆದ ಊರು, ಪಾಠ ಹೇಳಿದ ಮೇಷ್ಟ್ರು ಎಲ್ಲರನ್ನೂ ಅಳಿಸಿಹಾಕಬೇಕು.

‘ಅದರಿಂದೇನು ನಷ್ಟ? ಹೆಸರು ಬಂತು, ದುಡ್ಡು ಬಂತು’ ಎನ್ನುವವರು ನಮ್ಮಲ್ಲೂ ಇದ್ದಾರೆ. ನಷ್ಟವಿದೆ ಸ್ವಾಮಿ. ದುಡಿದು ಪಡೆದದ್ದನ್ನು ದಾನವೆಂದು ಬರೆದಿಟ್ಟರೆ, ಪಡೆದವರು ಜೀವಮಾನವಿಡೀ ಋಣದಲ್ಲಿರಬೇಕಾಗುತ್ತದೆ. ಋಣದಲ್ಲಿದ್ದವರು ಸಮಾನ ಸಂಬಳ ಕೇಳುವಂತಿಲ್ಲ. ಇಮಾನ್ ಕೇಳಿದರು, ಬಿಳಿಯ ರೂಪದರ್ಶಿಗಳಿಗೆ ಕೊಡುವಷ್ಟೇ ತಮಗೂ ಕೊಡಬೇಕೆಂದು ಹಟ ಹಿಡಿದರು. ಅವರ ವೃತ್ತಿಜೀವನದಲ್ಲಿ ನಮಗೆ ಮುಖ್ಯವಾಗಿ ಕಾಣುವುದು ಈ ಹಟವೇ ಹೊರತು ಅವರ ಎತ್ತರದ ನಿಲುವಲ್ಲ.

ಇನ್ನು, ಅವರನ್ನು ‘ಕಂಡುಹಿಡಿದ’ ಲೋಕದ ಸಿದ್ಧತೆ ಎಷ್ಟಿತ್ತು ನೋಡಿ. 1976ರ ಸುಮಾರಿಗೆ ‘ವೋಗ್’ ಪತ್ರಿಕೆಯ ಚಿತ್ರೀಕರಣಕ್ಕೆ ಹೋದಾಗ, ಮುಖಕ್ಕೆ ಬಳಿಯುವ ನಿಮ್ಮ ಬಣ್ಣವನ್ನು ನೀವೇ ತಂದಿದ್ದೀರಾ ಎಂದು ಪ್ರಸಾಧನದವರೇ ಅವರನ್ನು ಕೇಳಿದರಂತೆ! ಅವರ ಮೈಬಣ್ಣಕ್ಕೆ ಹೊಂದುವ ಒಂದು ಡಬ್ಬಿಯೂ ಅಲ್ಲಿರಲಿಲ್ಲ. ಇಮಾನ್ ತಾವೇ ಬಣ್ಣಗಳನ್ನು ಬೆರೆಸಿ ಹದ ಕಂಡುಕೊಂಡರು. 1994ರಲ್ಲಿ ಆ ಅನುಭವದಿಂದಲೇ ಸ್ವಂತ ಪ್ರಸಾಧನ ಕಂಪನಿ ಕಟ್ಟಿದರು. ಹಾಗಾದರೆ ಕಂಡುಹಿಡಿದವರು ಯಾರು?

ಇನ್ನೊಂದು ಆಕ್ಷೇಪವೂ ಉಂಟು: ‘ದೊಡ್ಡವರ ಮನೆಯ ಮಗಳು, ಅವಳೆಂಥ ನಿರಾಶ್ರಿತೆ?’ ನಿರಾಶ್ರಿತರ ಬಗೆಗಿನ 1951ರ ಅಂತರರಾಷ್ಟ್ರೀಯ ಒಪ್ಪಂದ ಯಾರಿಂದಲೂ ಆದಾಯದ ಸರ್ಟಿಫಿಕೇಟು ಕೇಳುವುದಿಲ್ಲ. ಕಿರುಕುಳದ ಭಯದಿಂದ ಸ್ವದೇಶಕ್ಕೆ ಮರಳಲಾರದವರು ನಿರಾಶ್ರಿತರು, ಅಷ್ಟೇ. ನಮ್ಮ ಸಂಘಗಳ ವಾರ್ಷಿಕೋತ್ಸವಗಳಲ್ಲಿ ‘ಹೊರನಾಡಿನ ನಾವೂ ಒಂದು ಬಗೆಯ ನಿರಾಶ್ರಿತರೇ’ ಎಂದು ಗದ್ಗದಿತರಾಗಿ ಭಾಷಣ ಮಾಡುವವರು ಇದನ್ನು ನೆನಪಿಡಬೇಕು. ನಾವು ಬಂದದ್ದು ವರ್ಗಾವಣೆಯ ಆರ್ಡರು ಹಿಡಿದು, ಟಿ.ಎ. ಬಿಲ್ಲು ಬರೆದು. ರಜ ಮಂಜೂರಾದರೆ ಊರಿಗೆ ಹೋಗಿ ಹಪ್ಪಳ ಸಂಡಿಗೆ ಕಟ್ಟಿಸಿಕೊಂಡು ಬರುತ್ತೇವೆ. ಇಮಾನ್ ಅವರಿಗೆ ಅಂಥ ರಜ ಇರಲಿಲ್ಲ. 1992ರಲ್ಲಿ ಬಿಬಿಸಿಯ ಚಿತ್ರ ತಂಡದೊಡನೆ ಹೋದಾಗ ಅವರು ಕಂಡದ್ದು ಅಂತರ್ಯುದ್ಧ ಮತ್ತು ಕ್ಷಾಮ. ಅವರ ದುಃಖದ ಹೆಸರನ್ನು ನಮ್ಮ ಹಂಬಲಕ್ಕೆ ಎರವಲು ತರುವುದು ಬೇಡ.

ಅಚ್ಚು ಮುರಿದಿಲ್ಲ ಎಂದೆವಲ್ಲ. ಸುಡಾನಿನ ಯುದ್ಧದಿಂದ ತಪ್ಪಿಸಿಕೊಂಡು 1991ರಲ್ಲಿ ಲಂಡನ್ನಿಗೆ ಬಂದ ಅಲೆಕ್ ವೆಕ್ ಅವರನ್ನೂ 1995ರಲ್ಲಿ ಅಲ್ಲಿನ ಒಂದು ಪಾರ್ಕಿನಲ್ಲಿ ‘ಕಂಡುಹಿಡಿದರು’. ಕೀನ್ಯಾದ ಕಾಕುಮಾ ಶಿಬಿರದಲ್ಲಿ ಹುಟ್ಟಿದ ಹಲೀಮಾ ಏಡನ್ ಅವರದೂ ಅದೇ ಒಕ್ಕಣೆ. ತಮ್ಮ ನಂಬಿಕೆಗೆ ಒಗ್ಗದ ರಾಜಿಗಳು ಸಾಕೆಂದು 2020ರಲ್ಲಿ ಹಲೀಮಾ ಆ ಕಸುಬನ್ನೇ ಬಿಟ್ಟಾಗ ಹಲವರು ಬೆರಗಾದರು. ದಾನ ಪಡೆದವರು ‘ಒಲ್ಲೆ’ ಎನ್ನಬಹುದೇ ಎಂಬ ಬೆರಗು ಅದು!

ಪರದೇಶದವರನ್ನು ಬೈದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಇಮಾನ್ ನೈರೋಬಿಯಲ್ಲಿ ತಮ್ಮ ಬೆಲೆ ಹೇಳಿದ ಅದೇ 1975ರಲ್ಲಿ ನಮ್ಮ ದೇಶದ ಅಂಗಡಿಗಳಿಗೆ ‘ಫೇರ್ ಅಂಡ್ ಲವ್ಲಿ’ ಬಂತು. ಆ ಹೆಸರಿನಿಂದ ‘ಫೇರ್’ ಎಂಬ ಮಾತನ್ನು ತೆಗೆಯಲು 2020ರ ತನಕ ಕಾಯಬೇಕಾಯಿತು. ಚರ್ಮದ ಬಣ್ಣವೆಂಬುದು ಮೆಲನಿನ್ ಎಂಬ ವಸ್ತುವಿನ ಹೆಚ್ಚುಕಡಿಮೆ; ಬಿಸಿಲಿನಿಂದ ಮೈಯನ್ನು ಕಾಯುವುದು ಅದರ ಕೆಲಸ. ಇಷ್ಟನ್ನು ಹೈಸ್ಕೂಲಿನಲ್ಲೇ ಓದಿದ ನಾವು ವಧೂವರರ ಅಂಕಣದಲ್ಲಿ ‘ಎಣ್ಣೆಗೆಂಪು’, ‘ಬಿಳುಪು’ ಎಂದು ದುಡ್ಡು ಕೊಟ್ಟು ಅಚ್ಚು ಹಾಕಿಸುತ್ತೇವೆ. ಎಂ.ಎಸ್ಸಿ. ಓದಿ ಕೆಲಸದಲ್ಲಿರುವ ಮಗಳು ಆ ಎರಡು ಸಾಲಿನಲ್ಲಿ ಬರಿಯ ಬಣ್ಣವಾಗಿಬಿಡುತ್ತಾಳೆ. ಐದು ಭಾಷೆ ಬಲ್ಲವಳನ್ನು ದನ ಕಾಯುವವಳೆಂದು ಕಂಡ ಕಣ್ಣಿಗೂ ಈ ಕಣ್ಣಿಗೂ ಎಷ್ಟು ದೂರ?

ಆದ್ದರಿಂದ ನಮ್ಮದು ಒಂದೇ ಬೇಡಿಕೆ. ಸಂಘದ ಪತ್ರಿಕೆಗಳ ಸಂಪಾದಕರು ಮುಂದಿನ ಸಂಚಿಕೆಯಿಂದಲೇ ವಧೂವರರ ಪ್ರಕಟಣೆಗಳಲ್ಲಿ ಮೈಬಣ್ಣದ ಮಾತನ್ನು ಹೊಡೆದುಹಾಕಲಿ. ಜಾಹೀರಾತಿನ ಹಣ ತುಸು ಕಡಿಮೆಯಾದರೆ ಆಗಲಿ. ಆ ಖೋತಾವನ್ನು ಚಂದಾದಾರರಾದ ನಾವು ತುಂಬಿಕೊಡೋಣ.